ಕರೆಂಟ್ (ವಿಕಿರಣ ಚಿಕಿತ್ಸೆ) ಕೊಡುವಾಗ ಚರ್ಮ ಕಪ್ಪಾದರೆ ಚಿಕಿತ್ಸೆ ನಿಲ್ಲಿಸಬೇಕೆ?

ಪ್ರಶ್ನೆ: ಅಮ್ಮನಿಗೆ 56 ವರ್ಷ. ಸ್ತನದ ಗಡ್ಡೆ ತೆಗೆದು, ಕೀಮೋ ಮುಗಿಸಿ ಈಗ ಕರೆಂಟ್ ಕೊಡಿಸುತ್ತಿದ್ದೇವೆ. 15ರಲ್ಲಿ 11 ಆಗಿದೆ. ಚರ್ಮ ಕಪ್ಪಾಗಿ, ಸ್ತನದ ಕೆಳಗಿನ ಮಡಿಕೆಯಲ್ಲಿ ಉರಿ, ತುರಿಕೆ. ನೀರು ತಾಗಿಸಬಾರದು ಎಂದು ಯಾರೋ ಹೇಳಿದ್ದಕ್ಕೆ ಆ ಜಾಗ ತೊಳೆಯುತ್ತಿಲ್ಲ. ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಹಚ್ಚುತ್ತಾರೆ. ‘ಸುಟ್ಟುಹೋಗ್ತಿದೆ, ಒಂದು ವಾರ ಬಿಡಿ’ ಎನ್ನುತ್ತಾರೆ ನಮ್ಮ ಅತ್ತೆ. ಬಿಡಬಹುದೆ?
– ಹೆಸರು ಬೇಡ, ತಿಪಟೂರು

ಉತ್ತರ: ನೀವಾಗಿಯೇ ಬಿಡಬೇಡಿ. ಚರ್ಮ ಕೆಲವು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಆದರೆ ನಡುವೆ ತಪ್ಪಿಸಿದ ದಿನಗಳಲ್ಲಿ ಅಳಿದುಳಿದ ಕ್ಯಾನ್ಸರ್ ಕೋಶಗಳೂ ಚೇತರಿಸಿಕೊಳ್ಳಬಹುದು. ಬಿಡುವು ಬೇಕೋ ಬೇಡವೋ ಎಂಬುದನ್ನು ಚರ್ಮವನ್ನು ಕಣ್ಣಾರೆ ನೋಡಿದ ವೈದ್ಯರೇ ಹೇಳಲಿ.

ಚರ್ಮದ ತಳದ ಪದರದಲ್ಲಿ ಹೊಸ ಕೋಶಗಳು ಹುಟ್ಟುತ್ತಲೇ ಇರುತ್ತವೆ. ವಿಕಿರಣ ಅದಕ್ಕೆ ತಡೆ ಹಾಕುತ್ತದೆ. ಆದ್ದರಿಂದ ಮೊದಲ ದಿನಗಳಲ್ಲಿ ಏನೂ ಕಾಣದೆ, ಎರಡನೇ ಮೂರನೇ ವಾರಕ್ಕೆ ಉರಿ ಶುರುವಾಗುತ್ತದೆ. ಚಿಕಿತ್ಸೆ ಮುಗಿದ ಮೇಲೂ ಒಂದೆರಡು ವಾರ ಅದು ಏರುತ್ತಲೇ ಹೋಗಬಹುದು. ಇದನ್ನು ಮೊದಲೇ ತಿಳಿಸದ ಕಾರಣ ಎಷ್ಟೋ ಮನೆಯವರು ‘ಮುಗಿದ ಮೇಲೆ ಜಾಸ್ತಿಯಾಯ್ತು’ ಎಂದು ಗಾಬರಿಬೀಳುತ್ತಾರೆ. ಪಠ್ಯಪುಸ್ತಕಗಳ ಚಿತ್ರಗಳಲ್ಲಿ ಹೆಚ್ಚಾಗಿ ಕಾಣುವುದು ಬಿಳಿ ಚರ್ಮ ಕೆಂಪಾಗುವುದು. ನಮ್ಮ ಮೈಬಣ್ಣದಲ್ಲಿ ಆ ಕೆಂಪು ಕಾಣದೆ ಕಪ್ಪು ಮಾತ್ರ ಕಾಣುತ್ತದೆ, ಹಾಗಾಗಿ ವೈದ್ಯರೂ ಕೆಲವೊಮ್ಮೆ ಕಡಿಮೆ ಅಂದಾಜು ಮಾಡುತ್ತಾರೆ. ಉರಿ, ನೋವು, ಬಿಸಿ ಎಷ್ಟಿದೆ ಎಂದು ಅಮ್ಮ ಬಾಯಿಬಿಟ್ಟು ಹೇಳಲಿ.

ಇವತ್ತಿನಿಂದಲೇ ತೊಳೆಯಿರಿ. ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು, ಉಜ್ಜದೆ ಒತ್ತಿ ಒರೆಸುವುದು, ಇಷ್ಟು ಸಾಕು. ವಿಕಿರಣ ಎಲ್ಲಿ ಬೀಳಬೇಕೆಂದು ಚರ್ಮದ ಮೇಲೆ ಹಾಕಿದ ಇಂಕಿನ ಗುರುತುಗಳನ್ನು ಉಳಿಸಿಕೊಳ್ಳುವುದು ಹೇಗೆಂದು ಟೆಕ್ನಿಷಿಯನ್ನರನ್ನು ಕೇಳಿ. ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳಿಗೂ ಈ ಹುಣ್ಣಿಗೂ ನಂಟಿದೆ. ನ್ಯೂಯಾರ್ಕ್‌ನ ವೈದ್ಯರು 2023ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನದಲ್ಲಿ, ಮೂಗಿಗೆ ಮುಪಿರೋಸಿನ್ ಎಂಬ ಆಂಟಿಬಯೋಟಿಕ್ ಮುಲಾಮು, ಮೈಗೆ ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಾಶಕ ಬಳಸಿದವರಲ್ಲಿ ಒಬ್ಬರಿಗೂ ಚರ್ಮ ಒಡೆದು ನೀರೂರಲಿಲ್ಲ. ಉಳಿದವರಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲೊಬ್ಬರಿಗೆ ಹಾಗಾಯಿತು. ವೈದ್ಯರನ್ನು ಕೇಳದೆ ಇದನ್ನು ಮಾಡಲು ಹೋಗಬೇಡಿ, ಆದರೆ ತೊಳೆಯದೆ ಬಿಡುವುದಂತೂ ಬೇಡವೇ ಬೇಡ.

ಅರಿಶಿನ ನಿಲ್ಲಿಸಿ. ಅದರ ಬಣ್ಣದಡಿ ಚರ್ಮದ ಸ್ಥಿತಿ ಗೊತ್ತಾಗುವುದಿಲ್ಲ, ಗುರುತೂ ಅಳಿಸೀತು. ಲೋಳೆಸರ ತಂಪು ಅನ್ನಿಸಬಹುದು, ಆದರೆ ಅದು ಹುಣ್ಣು ತಡೆಯುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಪುರಾವೆಯಿರುವುದು ಮೊಮೆಟಾಸೋನ್‌ನಂಥ ಸ್ಟಿರಾಯ್ಡ್ ಕ್ರೀಮಿಗೆ, ಅದೂ ಮೊದಲ ದಿನದಿಂದಲೇ ಹಚ್ಚಿದರೆ. ಅಷ್ಟೇನೂ ದುಬಾರಿಯಲ್ಲದ ಈ ಔಷಧವನ್ನು ಚರ್ಮ ಕೆಟ್ಟ ಮೇಲೆ ಬರೆದುಕೊಡುವ ರೂಢಿ ನನಗೆ ಸರಿಕಾಣುವುದಿಲ್ಲ. ಆದರೆ ಒಡೆದ ಚರ್ಮಕ್ಕೆ ಇದನ್ನು ಹಚ್ಚಬಾರದು. ಸಿಲಿಕೋನ್ ಫಿಲ್ಮ್ (ಚರ್ಮಕ್ಕೆ ಅಂಟುವ ತೆಳು ಹಾಳೆ) ಅಂಟಿಸುವುದರಿಂದಲೂ ಒಳ್ಳೆಯ ಫಲಿತಾಂಶವಿದೆ, ಖರ್ಚು ಜಾಸ್ತಿ.

ಮಡಿಕೆಯಲ್ಲಿ ಬೆವರು ನಿಲ್ಲದಂತೆ ಹಳೆಯ ಹತ್ತಿ ಸೀರೆಯ ಒಗೆದ ತುಂಡು ಇಡಿ. ಬಿಗಿ ಬ್ರಾ, ಬಿಸಿನೀರಿನ ಬ್ಯಾಗು, ಐಸು ಬೇಡ. ನೀರೂರಿದರೆ, ಕೀವು ಕಂಡರೆ, ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಇನ್ನೊಂದು: ಹಿಂದೆ ಐದು ವಾರ, 25 ಸಲ ಕೊಡುತ್ತಿದ್ದರು. ಈಗಿನ 15 ಸಲದ ಕ್ರಮ ರೋಗ ತಡೆಯುವುದರಲ್ಲಿ ಅದಕ್ಕೆ ಸಮ, ಚರ್ಮಕ್ಕೆ ಹಗುರ. ಅತ್ತೆಯವರಿಗೆ ಇದನ್ನೂ ಹೇಳಿ.

ಪ್ರಶ್ನೆ: ಸ್ತನ ಕ್ಯಾನ್ಸರಿಗೆ ಕ್ಯಾಪೆಸಿಟಬಿನ್ ಎಂಬ ಕೀಮೋ ಮಾತ್ರೆ ಆರಂಭಿಸುತ್ತಾರಂತೆ. ಅಂಗೈ ಅಂಗಾಲು ಸುಲಿಯುತ್ತದೆಯೆ?
– ಗೃಹಿಣಿ, ಶಿರಸಿ

ಉತ್ತರ: ಕೆಲವರಿಗೆ ಸುಲಿಯುತ್ತದೆ. ದೆಹಲಿಯ ಏಮ್ಸ್ ವೈದ್ಯರು 264 ರೋಗಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ನೋವಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಅನ್ನೇ ದಿನಕ್ಕೆರಡು ಸಲ ಕೈಗೆ ಬಳಸಿದವರಲ್ಲಿ 3.8% ಮಂದಿಗೆ ಮಾತ್ರ ಈ ತೊಂದರೆ ಮಧ್ಯಮ ಅಥವಾ ತೀವ್ರವಾಯಿತು. ಔಷಧವಿಲ್ಲದ ಜೆಲ್ ಹಚ್ಚಿದವರಲ್ಲಿ 15%. ಮಾತ್ರೆ ಶುರುವಾಗುವ ಮೊದಲೇ ವೈದ್ಯರ ಬಳಿ ಇದರ ಮಾತೆತ್ತಿ. ಕಿಡ್ನಿ ತೊಂದರೆಯಿದ್ದರೆ ಅದನ್ನೂ ತಿಳಿಸಿ.