ಕೆಂಪು ಗೆರೆ ಹೋಯಿತು, ಎರರ್ ಇಲ್ಲ, ಆದರೂ 404. ನನ್ನ ಜಾವಾ ಪ್ರಾಜೆಕ್ಟ್‌ಗೆ ಏನಾಗಿದೆ?

ನಿಮ್ಮ ಪ್ರಶ್ನೆ ನನಗೆ ಅರ್ಥ ಆಗಿದ್ದು ಹೀಗೆ. ನೀವು ದಾವಣಗೆರೆಯಲ್ಲಿ ಎಂಸಿಎ ಕೊನೆಯ ವರ್ಷ. ಮೆಕ್ಕೆಜೋಳದ ಮಂಡಿ ಲೆಕ್ಕ ಇಡುವ ವೆಬ್ ಅಪ್ಲಿಕೇಶನ್ ನಿಮ್ಮ ಪ್ರಾಜೆಕ್ಟ್. ಸೀನಿಯರ್ ಕೊಟ್ಟ ಹಳೆಯ ಸರ್ವ್ಲೆಟ್ ಕೋಡನ್ನು (ಬ್ರೌಸರ್ ಕೇಳಿದ್ದಕ್ಕೆ ಸರ್ವರ್‌ನಲ್ಲಿ ಉತ್ತರ ಕೊಡುವ ಜಾವಾ ಕ್ಲಾಸ್‌ಗಳು) ಮನೆಯ ಲ್ಯಾಪ್‌ಟಾಪ್‌ನಲ್ಲಿ ಕೋಡ್ ಬರೆಯುವ ಎಕ್ಲಿಪ್ಸ್‌ಗೆ ಹಾಕಿದಿರಿ, ಅದನ್ನು ಓಡಿಸುವ ಸರ್ವರ್ ಟಾಮ್‌ಕ್ಯಾಟ್ 10.1 ಇಳಿಸಿಕೊಂಡಿರಿ. ಎಚ್‌ಟಿಟಿಪಿ ಸರ್ವ್ಲೆಟ್ ಅನ್ನೋ ಕ್ಲಾಸ್ ಸಿಗುತ್ತಿಲ್ಲ ಅಂತ ಕೋಡ್ ತುಂಬಾ ಕೆಂಪು ಗೆರೆ. ನೆಟ್‌ನಲ್ಲಿ ಯಾರೋ ಹೇಳಿದಂತೆ ಸರ್ವ್ಲೆಟ್ ಎಪಿಐ ಜಾರ್ (ಸಿದ್ಧ ಕ್ಲಾಸ್‌ಗಳ ಕಟ್ಟು) ತಂದು ಲಿಬ್ ಫೋಲ್ಡರ್‌ಗೆ ಹಾಕಿದಿರಿ, ಗೆರೆ ಹೋಯಿತು. ಈಗ ಸರ್ವರ್ ಆನ್ ಆಗುತ್ತೆ, ಲಾಗಿನ್ ಬಟನ್ ಒತ್ತಿದರೆ 404, ಅಂದ್ರೆ ಆ ವಿಳಾಸದಲ್ಲಿ ಏನೂ ಇಲ್ಲ ಅನ್ನೋ ಉತ್ತರ. ಲ್ಯಾಬ್‌ನಲ್ಲಿ ಮಾತ್ರ ಇದೇ ಕೋಡ್ ಚೆನ್ನಾಗಿ ಓಡುತ್ತೆ.

ಮೊದಲು ಆ ಜಾರ್ ಡಿಲೀಟ್ ಮಾಡಿ. ಕೆಂಪು ಗೆರೆ ವಾಪಸ್ ಬರುತ್ತೆ, ಬರಲಿ. ಅದು ನಿಮಗೆ ನಿಜ ಹೇಳುತ್ತಿತ್ತು, ನೀವು ಅದರ ಬಾಯಿ ಮುಚ್ಚಿಸಿದಿರಿ.

ನಿಜ ಏನಂದ್ರೆ, ನಿಮ್ಮ ಕೋಡ್ ಒಂದು ಕಾಲದ್ದು, ನಿಮ್ಮ ಟಾಮ್‌ಕ್ಯಾಟ್ ಇನ್ನೊಂದು ಕಾಲದ್ದು. ಸರ್ವ್ಲೆಟ್ ಸೇರಿದಂತೆ ಜಾವಾದ ಸರ್ವರ್ ಭಾಗವಾದ ಜಾವಾ ಇಇ ಮೊದಲು ಒರಾಕಲ್ ಕೈಯಲ್ಲಿತ್ತು. 2017ರಲ್ಲಿ ಅದನ್ನು ಎಕ್ಲಿಪ್ಸ್ ಫೌಂಡೇಶನ್‌ಗೆ ಒಪ್ಪಿಸುತ್ತೇವೆ ಎಂದರು. ಕೋಡ್ ಕೊಟ್ಟರು, ಹೆಸರು ಮಾತ್ರ ಕೊಡಲಿಲ್ಲ. ಜಾವಾಎಕ್ಸ್ ಅನ್ನೋ ಪ್ಯಾಕೇಜ್ ಹೆಸರಲ್ಲಿ ಮುಂದೆ ಏನನ್ನೂ ಬದಲಾಯಿಸುವ ಹಾಗಿಲ್ಲ ಅಂತಾಯಿತು. ಹಾಗಾಗಿ ಜಾವಾ ಇಇಗೆ ಜಕಾರ್ತಾ ಇಇ ಅಂತ ಹೊಸ ಹೆಸರಿಟ್ಟರು. 2020ರಲ್ಲಿ ಬಂದ ಅದರ 9ನೇ ಆವೃತ್ತಿಯಲ್ಲಿ ಎಲ್ಲ ಪ್ಯಾಕೇಜ್‌ಗಳ ಹೆಸರನ್ನೂ ಬದಲಿಸಿಬಿಟ್ಟರು. ಜಾವಾಎಕ್ಸ್ ಡಾಟ್ ಸರ್ವ್ಲೆಟ್ ಹೋಗಿ ಜಕಾರ್ತಾ ಡಾಟ್ ಸರ್ವ್ಲೆಟ್ ಆಯಿತು. ಟಾಮ್‌ಕ್ಯಾಟ್ 9ರವರೆಗೆ ಹಳೆಯ ಹೆಸರು, 10ರಿಂದ ಹೊಸದು. ಆಸ್ತಿ ಪಾಲಾದಾಗ ಮನೆ ಒಬ್ಬರಿಗೆ, ಮನೆಯ ಬೋರ್ಡು ಇನ್ನೊಬ್ಬರಿಗೆ ಹೋದ ಹಾಗೆ.

ಈಗ ನಿಮ್ಮ 404 ಎಲ್ಲಿಂದ ಬಂತು ನೋಡಿ. ನೀವು ತಂದ ಜಾರ್‌ನಲ್ಲಿ ಹಳೆಯ ಹೆಸರಿನ ಕ್ಲಾಸ್‌ಗಳಿವೆ. ಎಕ್ಲಿಪ್ಸ್‌ಗೆ ಅಷ್ಟು ಸಾಕು, ಕಂಪೈಲ್ ಮಾಡಿತು. ಆದರೆ ಟಾಮ್‌ಕ್ಯಾಟ್ 10.1 ಸ್ಟಾರ್ಟ್ ಆಗುವಾಗ ಹುಡುಕುವುದು ಜಕಾರ್ತಾ ಹೆಸರಿನ ವೆಬ್‌ಸರ್ವ್ಲೆಟ್ ಅನೋಟೇಶನ್, ಅಂದ್ರೆ ಕ್ಲಾಸ್ ಮೇಲೆ ಬರೆಯುವ ವಿಳಾಸದ ಚೀಟಿ. ನಿಮ್ಮ ಕ್ಲಾಸ್ ಮೇಲಿರುವುದು ಜಾವಾಎಕ್ಸ್‌ದು. ಅದರ ಪಾಲಿಗೆ ನಿಮ್ಮ ಲಾಗಿನ್ ಸರ್ವ್ಲೆಟ್ ಒಂದು ಸಾಮಾನ್ಯ ಜಾವಾ ಕ್ಲಾಸ್ ಅಷ್ಟೇ. ಬೈಯುವುದೂ ಇಲ್ಲ, ಸುಮ್ನೆ ಬಿಟ್ಟು ಮುಂದೆ ಹೋಗುತ್ತೆ. ಆ ವಿಳಾಸಕ್ಕೆ ಯಾರೂ ಇಲ್ಲ, ಅದಕ್ಕೇ 404. ಇದೇ ಸರ್ವ್ಲೆಟ್ಟನ್ನು ವೆಬ್ ಡಾಟ್ ಎಕ್ಸ್‌ಎಂಎಲ್ ಅನ್ನೋ ಸೆಟ್ಟಿಂಗ್ ಫೈಲ್‌ನಲ್ಲಿ ಬರೆದಿದ್ದರೆ, ಈ ಕ್ಲಾಸ್ ಸರ್ವ್ಲೆಟ್ಟೇ ಅಲ್ಲ ಅಂತಾದರೂ ಒಂದು ಎರರ್ ಸಿಗುತ್ತಿತ್ತು.

ಹಾಗಾದರೆ ಯಾವುದನ್ನು ಇಟ್ಟುಕೊಳ್ಳಬೇಕು? ನಿಮ್ಮ ಪರಿಸ್ಥಿತಿಯಲ್ಲಿ ನಾನಾಗಿದ್ದರೆ ಟಾಮ್‌ಕ್ಯಾಟ್ 9 ಹಾಕುತ್ತಿದ್ದೆ. ಲ್ಯಾಬ್‌ನಲ್ಲಿ ಓಡುತ್ತಿದೆ ಅಂದ ಮೇಲೆ ಅಲ್ಲಿರುವುದು 9 ಅಥವಾ ಅದಕ್ಕಿಂತ ಹಳೆಯದು. ಡೆಮೊ ಕೊಡುವುದು ಅಲ್ಲೇ ಅಲ್ವಾ? ಹೊಸದಾಗಿ ಬರೆಯುವವರು, ಮುಂದೆ ಸ್ಪ್ರಿಂಗ್ ಬೂಟ್ 3 (ಜಾವಾ ವೆಬ್ ಕೆಲಸದ ಫ್ರೇಮ್‌ವರ್ಕ್) ಕಲಿಯುವವರು 10.1ಕ್ಕೆ ಹೋಗಲಿ, ಸ್ಪ್ರಿಂಗ್ ಬೂಟ್ 3 ಕೂಡ ಜಕಾರ್ತಾ ಮೇಲೇ ನಿಂತಿದೆ. 10.1 ಬಿಡಲು ಮನಸ್ಸಿಲ್ಲ ಅಂದ್ರೆ ಇಂಪೋರ್ಟ್ ಸಾಲುಗಳನ್ನು ಬದಲಾಯಿಸಿ. ಆದರೆ ಜಾವಾಎಕ್ಸ್ ಕಂಡಲ್ಲೆಲ್ಲ ರಿಪ್ಲೇಸ್ ಆಲ್ ಒತ್ತಬೇಡಿ. ಜಾವಾಎಕ್ಸ್ ಡಾಟ್ ಎಸ್‌ಕ್ಯೂಎಲ್, ಜಾವಾಎಕ್ಸ್ ಡಾಟ್ ಸ್ವಿಂಗ್ ಇವೆಲ್ಲ ಜೆಡಿಕೆ (ಜಾವಾ ಕಂಪೈಲ್ ಮಾಡಿ ಓಡಿಸುವ ಸಲಕರಣೆ) ಜೊತೆಗೇ ಬರುವಂಥವು, ಅವುಗಳ ಹೆಸರು ಬದಲಾಗಿಲ್ಲ. ಸರ್ವ್ಲೆಟ್ ಇರುವ ಸಾಲುಗಳನ್ನು ಮಾತ್ರ ಮುಟ್ಟಿ.

ಸೆಟಪ್ಪನ್ನು ಮೊದಲಿಂದ ಮಾಡಿಬಿಡಿ, ಅರ್ಧ ಗಂಟೆಯ ಕೆಲಸ. ಎಕ್ಲಿಪ್ಸ್ ತೆರೆದುಕೊಂಡರೆ ಜಾವಾ ಇದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಈಗಿನ ಎಕ್ಲಿಪ್ಸ್ ತನಗೆ ಬೇಕಾದ ಜೆಆರ್‌ಇಯನ್ನು (ಜಾವಾ ಓಡಿಸುವ ಭಾಗ) ತಾನೇ ಹೊತ್ತು ತರುತ್ತದೆ, ಕಂಪೈಲರ್ ಕೂಡ ಅದರ ಸ್ವಂತದ್ದು. ನಿಮ್ಮ ಯಂತ್ರದಲ್ಲಿ ಜೆಡಿಕೆ ಇದೆಯೋ ಇಲ್ಲವೋ ಅದರಿಂದ ಗೊತ್ತಾಗಲ್ಲ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಜಾವಾಸಿ ವರ್ಷನ್ ಕೇಳಿ. ಉತ್ತರ ಬರದಿದ್ದರೆ ಜೆಡಿಕೆ 17 ಹಾಕಿಕೊಳ್ಳಿ. ಟೆಮುರಿನ್ ಅನ್ನೋ ಜೆಡಿಕೆ ಉಚಿತ, ಟಾಮ್‌ಕ್ಯಾಟ್ 9 ಮತ್ತು 10.1 ಎರಡೂ ಅದರ ಮೇಲೆ ಓಡುತ್ತವೆ. ಜಾವಾ ಹೋಮ್ (ಜಾವಾ ಎಲ್ಲಿದೆ ಅಂತ ಹೇಳುವ ಸೆಟ್ಟಿಂಗ್) ಕೊಡುವಾಗ ಜೆಡಿಕೆ ಫೋಲ್ಡರ್‌ವರೆಗೆ ಮಾತ್ರ ಕೊಡಿ, ಬಿನ್ ಸೇರಿಸಬೇಡಿ. ಲ್ಯಾಬ್‌ನಲ್ಲಿ ಜಾವಾ 8 ಇದ್ದರೆ ಪ್ರಾಜೆಕ್ಟ್‌ನ ಕಂಪೈಲರ್ ಲೆವೆಲ್ಲನ್ನೂ 8ಕ್ಕೆ ಇಳಿಸಿ. ಇಲ್ಲದಿದ್ದರೆ ಅಲ್ಲಿ 'ಕ್ಲಾಸ್ ಫೈಲ್ ವರ್ಷನ್ 61' ಅಂತ ಗಲಾಟೆ ಮಾಡುತ್ತೆ. 61 ಅಂದ್ರೆ ಜಾವಾ 17, 52 ಅಂದ್ರೆ ಜಾವಾ 8.

ಎಕ್ಲಿಪ್ಸ್ ಇಳಿಸುವಾಗ ಎಂಟರ್‌ಪ್ರೈಸ್ ಜಾವಾ ಅಂತ ಇರುವ ಪ್ಯಾಕೇಜ್ ತಗೊಳ್ಳಿ. ಬರೀ ಜಾವಾ ಡೆವಲಪರ್ಸ್ ಪ್ಯಾಕೇಜ್‌ನಲ್ಲಿ ಡೈನಾಮಿಕ್ ವೆಬ್ ಪ್ರಾಜೆಕ್ಟ್ ಅನ್ನೋ ಆಯ್ಕೆಯೇ ಕಾಣಲ್ಲ. ಟಾಮ್‌ಕ್ಯಾಟನ್ನು ಜಿಪ್ ರೂಪದಲ್ಲಿ ತಂದು ಸಿ ಡ್ರೈವ್‌ನಲ್ಲಿ ಚಿಕ್ಕ ಹೆಸರಿನ ಫೋಲ್ಡರ್‌ಗೆ ಬಿಚ್ಚಿ. ವಿಂಡೋಸ್ ಇನ್‌ಸ್ಟಾಲರ್ ಬೇಡ. ಅದು ಟಾಮ್‌ಕ್ಯಾಟನ್ನು ಸರ್ವಿಸ್ ಮಾಡಿ ಕೂರಿಸುತ್ತೆ. ಆ ಸರ್ವಿಸ್ 8080 ಪೋರ್ಟ್ ಹಿಡಿದು ಕೂತರೆ ಎಕ್ಲಿಪ್ಸ್‌ನಿಂದ ಸ್ಟಾರ್ಟ್ ಮಾಡಿದಾಗ 'ಪೋರ್ಟ್ ಬಳಕೆಯಲ್ಲಿದೆ' ಅನ್ನುತ್ತೆ. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟ್ ಹಿಡಿದವರ ಹತ್ತಿರ ಜಗಳ ಆಡಿದ ಹಾಗೆ, ಎದುರಿಗೆ ಯಾರೂ ಕಾಣಲ್ಲ.

ಆಮೇಲೆ ಸರ್ವರ್ಸ್ ಟ್ಯಾಬ್‌ನಲ್ಲಿ ಹೊಸ ಸರ್ವರ್, ಟಾಮ್‌ಕ್ಯಾಟ್ 9 ಆಯ್ಕೆ ಮಾಡಿ ಫೋಲ್ಡರ್ ತೋರಿಸಿ. ಹೊಸ ಡೈನಾಮಿಕ್ ವೆಬ್ ಪ್ರಾಜೆಕ್ಟ್ ಮಾಡುವಾಗ ಟಾರ್ಗೆಟ್ ರನ್‌ಟೈಮ್ ಜಾಗದಲ್ಲಿ ಅದೇ ಟಾಮ್‌ಕ್ಯಾಟ್, ವೆಬ್ ಮಾಡ್ಯೂಲ್ ವರ್ಷನ್ 4.0. (10.1 ಆದರೆ 6.0.) ಟಾರ್ಗೆಟ್ ರನ್‌ಟೈಮ್ ಕೊಟ್ಟರೆ ಸರ್ವ್ಲೆಟ್ ಜಾರ್ ನೀವು ಎಲ್ಲಿಂದಲೂ ತರಬೇಕಾಗಿಲ್ಲ, ಟಾಮ್‌ಕ್ಯಾಟ್‌ನ ಜಾರನ್ನೇ ಎಕ್ಲಿಪ್ಸ್ ಬಳಸುತ್ತೆ. ನೀವು ತಪ್ಪಿದ್ದು ಈ ಒಂದು ಜಾಗದಲ್ಲಿ. ಹಳೆಯ ಪ್ರಾಜೆಕ್ಟನ್ನು ರಿಪೇರಿ ಮಾಡಲು ಕೂರಬೇಡಿ, ಹೊಸದು ಮಾಡಿ ಜಾವಾ ಫೈಲ್ ಮತ್ತು ಜೆಎಸ್‌ಪಿ ಪುಟಗಳನ್ನು ಕಾಪಿ ಮಾಡಿ.

ಇಷ್ಟಾದ ಮೇಲೆ ನೀವು ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ 8080 ಅಂತ ಹೊಡೆಯುತ್ತೀರಿ. ಮತ್ತೆ 404! ಗಾಬರಿ ಬೇಡ, ಇದು ಬೇರೆ 404. ಎಕ್ಲಿಪ್ಸ್ ನಿಮ್ಮ ಪ್ರಾಜೆಕ್ಟನ್ನು ಟಾಮ್‌ಕ್ಯಾಟ್‌ನ ವೆಬ್‌ಆಪ್ಸ್ ಫೋಲ್ಡರ್‌ಗೆ ಹಾಕುವುದಿಲ್ಲ. ವರ್ಕ್‌ಸ್ಪೇಸ್ ಒಳಗೆ, ಮೆಟಾಡೇಟಾ ಫೋಲ್ಡರ್‌ನ ಆಳದಲ್ಲಿ, ಟಿಎಂಪಿ0 ಅಂತ ಒಂದು ಜಾಗ ಮಾಡಿಕೊಂಡು ಅಲ್ಲಿಂದ ಓಡಿಸುತ್ತೆ. ಟಾಮ್‌ಕ್ಯಾಟ್‌ನ ಆ ಬೆಕ್ಕಿನ ಚಿತ್ರದ ಸ್ವಾಗತ ಪುಟ ಅಲ್ಲಿ ಇರಲ್ಲ. ವಿಳಾಸದ ಕೊನೆಗೆ ಪ್ರಾಜೆಕ್ಟ್ ಹೆಸರು ಸೇರಿಸಿದರೆ ನಿಮ್ಮ ಪುಟ ಬರುತ್ತೆ.

ಇದನ್ನು ನಾನು ಕಲಿತದ್ದು ಒಂದು ಇಡೀ ಸಂಜೆ ಕಳೆದು. ಓದು ಮುಗಿದ ಹೊಸದು, ವಿದ್ಯಾನಗರದಲ್ಲಿ ಗೆಳೆಯನ ರೂಮು. ಇಂಡೆಕ್ಸ್ ಪುಟದ ಬಣ್ಣ ಬದಲಾಯಿಸಬೇಕಿತ್ತು. ಟಾಮ್‌ಕ್ಯಾಟ್‌ನ ವೆಬ್‌ಆಪ್ಸ್‌ನಲ್ಲಿ ಹಿಂದೆ ಯಾವಾಗಲೋ ಹಾಕಿದ್ದ ಪ್ರತಿ ಇತ್ತು. ಅದನ್ನು ತೆರೆದು ನೀಲಿ ಇದ್ದಲ್ಲಿ ಹಸಿರು ಬರೆದೆ. ರಿಫ್ರೆಶ್ ಮಾಡಿದೆ, ನೀಲಿ. ಬ್ರೌಸರ್ ಕ್ಯಾಶ್ ಅಳಿಸಿದೆ, ನೀಲಿ. ಬೇರೆ ಬ್ರೌಸರ್ ಹಾಕಿದೆ, ನೀಲಿ. ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿದೆ. ಗೆಳೆಯ ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದು ಹಿಂದೆ ನಿಂತು ನೋಡಿದ. "ಲೇ, ಆ ಫೈಲ್ ಡಿಲೀಟ್ ಮಾಡಿ ನೋಡು, ಅದೇ ಹೌದೋ ಅಲ್ಲೋ ಗೊತ್ತಾಗುತ್ತೆ" ಅಂದ. ಮಾಡಿದೆ. ಪುಟ ನೀಲಿಯಾಗೇ ಬಂತು! ಫೈಲೇ ಇಲ್ಲ, ಪುಟ ಬರುತ್ತಿದೆ. ಆವತ್ತಿಂದ ಬದಲಾವಣೆ ಕಾಣಲಿಲ್ಲ ಅಂದ್ರೆ ನಾನು ಮೊದಲು ಕೇಳಿಕೊಳ್ಳುವುದು, ಇದು ಎಲ್ಲಿಂದ ಓಡುತ್ತಿದೆ ಅಂತ.

ಇನ್ನು ಡೇಟಾಬೇಸ್. ಜಾವಾವನ್ನು ಡೇಟಾಬೇಸ್‌ಗೆ ಜೋಡಿಸುವ ಮೈಎಸ್‌ಕ್ಯೂಎಲ್ ಕನೆಕ್ಟರ್ ಜಾರನ್ನು ಬಿಲ್ಡ್ ಪಾತ್‌ಗೆ ಮಾತ್ರ ಸೇರಿಸಿದರೆ ಕಂಪೈಲ್ ಆಗುತ್ತೆ, ಓಡುವಾಗ ಡ್ರೈವರ್ ಕ್ಲಾಸ್ ಸಿಗಲಿಲ್ಲ ಅನ್ನುತ್ತೆ. ಅದನ್ನು ವೆಬ್-ಇನ್ಫ್ ಒಳಗಿನ ಲಿಬ್‌ನಲ್ಲೇ ಇಡಿ. ಸರ್ವ್ಲೆಟ್ ಜಾರ್ ಅಲ್ಲಿ ಇರಬಾರದು, ಡೇಟಾಬೇಸ್ ಜಾರ್ ಅಲ್ಲೇ ಇರಬೇಕು. ಮೊದಲನೆಯದನ್ನು ಟಾಮ್‌ಕ್ಯಾಟ್ ಕೊಡುತ್ತೆ, ಎರಡನೆಯದನ್ನು ನೀವು ಕೊಡಬೇಕು.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮಂಡಿ ಲೆಕ್ಕ ಅಂದ ಮೇಲೆ ರೈತರ ಹೆಸರು, ಊರು ಕನ್ನಡದಲ್ಲಿ ಬರಬೇಕು ತಾನೇ? ಅಲ್ಲಿ ಎಡವುತ್ತೀರಿ. ಎಡವಿದಾಗ ಪರದೆ ಮೇಲೆ ಏನು ಕಾಣುತ್ತೆ ಅಂತ ಸರಿಯಾಗಿ ನೋಡಿ, ರೋಗ ಅದರಲ್ಲೇ ಗೊತ್ತಾಗುತ್ತೆ. 'ಜೋಳ' ಬರೆದ ಕಡೆ ಮೂರು ಪ್ರಶ್ನೆ ಚಿಹ್ನೆ ಬಂದರೆ ಅಕ್ಷರ ಆಗಲೇ ಹೋಯಿತು. ಕನ್ನಡ ಗೊತ್ತಿಲ್ಲದ ಎನ್‌ಕೋಡಿಂಗ್‌ಗೆ (ಅಕ್ಷರವನ್ನು ಬೈಟ್ ಮಾಡುವ ಪದ್ಧತಿ) ಎಲ್ಲೋ ಬದಲಾಗಿದೆ. ಸರ್ವ್ಲೆಟ್‌ನಲ್ಲಿ ಕಂಟೆಂಟ್ ಟೈಪ್ ಹೇಳುವ ಮೊದಲೇ ರೈಟರ್ ತಗೊಂಡಿದ್ದರೆ ಹೀಗಾಗುತ್ತೆ. ಡೇಟಾಬೇಸ್ ಟೇಬಲ್ ಹಳೆಯ ಲ್ಯಾಟಿನ್ ಕ್ಯಾರೆಕ್ಟರ್ ಸೆಟ್‌ನಲ್ಲಿದ್ದರೂ ಆಗಬಹುದು, ಅದನ್ನು ಕನ್ನಡವೂ ಹಿಡಿಸುವ ಯುಟಿಎಫ್8ಎಂಬಿ4 ಮಾಡಿ.

ಅದರ ಬದಲು ತಲೆ ಮೇಲೆ ಗೀಟಿರುವ ಇಂಗ್ಲಿಷ್ ಎ, ಪಕ್ಕದಲ್ಲಿ ಪುಟ್ಟ 2, ಹೀಗೆ ಉದ್ದಕ್ಕೆ ಕಸ ಬಂದರೆ ಸಮಾಧಾನ ಮಾಡಿಕೊಳ್ಳಿ. ಅಕ್ಷರ ಇನ್ನೂ ಜೀವಂತ ಇದೆ, ಓದುವವರು ತಪ್ಪು ಓದುತ್ತಿದ್ದಾರೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಕೋಡ್‌ಗೂ ಮೂರು ಬೈಟ್. ಜ, ಓತ್ವ, ಳ ಸೇರಿ 'ಜೋಳ'ಕ್ಕೆ ಒಂಬತ್ತು. ಫಾರ್ಮ್ ಪೋಸ್ಟ್ ಆದಾಗ ಟಾಮ್‌ಕ್ಯಾಟ್, ಯಾರೂ ಏನೂ ಹೇಳದಿದ್ದರೆ, ಆ ಒಂಬತ್ತು ಬೈಟ್‌ಗಳನ್ನು ಒಂಬತ್ತು ಲ್ಯಾಟಿನ್ ಅಕ್ಷರ ಅಂತ ಓದುತ್ತೆ. ಪ್ಯಾರಾಮೀಟರ್ ತೆಗೆಯುವ ಮೊದಲು ರಿಕ್ವೆಸ್ಟ್‌ನ ಕ್ಯಾರೆಕ್ಟರ್ ಎನ್‌ಕೋಡಿಂಗ್ ಯುಟಿಎಫ್-8 ಅಂತ ಒಂದು ಸಾಲು ಬರೆಯಿರಿ. ಮೊದಲು ಅಂದ್ರೆ ಮೊದಲೇ. ಒಂದು ಪ್ಯಾರಾಮೀಟರ್ ಓದಿದ ಮೇಲೆ ಬರೆದರೆ ಪ್ರಯೋಜನ ಇಲ್ಲ. ಟಾಮ್‌ಕ್ಯಾಟ್ 9ರಿಂದ ಇದನ್ನು ವೆಬ್ ಡಾಟ್ ಎಕ್ಸ್‌ಎಂಎಲ್‌ನಲ್ಲಿ ಒಮ್ಮೆ ಹೇಳಿ ಕೈ ತೊಳೆದುಕೊಳ್ಳಬಹುದು. ಜೆಎಸ್‌ಪಿಗಳಲ್ಲಿ ಪೇಜ್ ಎನ್‌ಕೋಡಿಂಗ್ ಕೂಡ ಯುಟಿಎಫ್-8 ಇರಲಿ.

ಜಾರ್‌ಗಳನ್ನು ತಾನೇ ತಂದುಕೊಡುವ ಮೇವೆನ್ ಬಳಸಲಾ ಅಂತಲೂ ಕೇಳಿದ್ದೀರಿ. ಬಳಸಿ, ಆದರೆ ಮೇಲಿನದೆಲ್ಲ ಒಮ್ಮೆ ಓಡಿದ ಮೇಲೆ. ಈಗಲೇ ಅದನ್ನೂ ತಲೆ ಮೇಲೆ ಹಾಕಿಕೊಂಡರೆ ಯಾವ ಎರರ್ ಯಾರದ್ದು ಅಂತ ಗೊತ್ತಾಗಲ್ಲ. ಆಗ ಸರ್ವ್ಲೆಟ್ ಎಪಿಐಗೆ ಪ್ರೊವೈಡೆಡ್ ಸ್ಕೋಪ್ (ಸರ್ವರ್ ಕೊಡುತ್ತೆ, ನೀನು ಸೇರಿಸಬೇಡ ಅಂತ) ಕೊಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಅದೇ ಜಾರ್ ಹಿಂಬಾಗಿಲಿನಿಂದ ಲಿಬ್‌ಗೆ ಬಂದು ಕೂರುತ್ತೆ. ಮೊದಲ ಸಲ ಮೇವೆನ್ ತುಂಬಾ ಜಾರ್ ಇಳಿಸುತ್ತೆ. ಕರೆಂಟ್ ಹೋಗಿ ವೈಫೈ ಆಫ್ ಆಯಿತು ಅಂದ್ರೆ ಡೌನ್‌ಲೋಡ್ ಸೋತ ಗುರುತನ್ನು ಎಂ2 ಫೋಲ್ಡರ್‌ನಲ್ಲಿ ಬರೆದಿಟ್ಟುಕೊಂಡು, ಕರೆಂಟ್ ಬಂದ ಮೇಲೂ ಇಲ್ಲ ಇಲ್ಲ ಅನ್ನುತ್ತಿರುತ್ತೆ. ಪ್ರಾಜೆಕ್ಟ್ ಮೇಲೆ ಆಲ್ಟ್ ಎಫ್5 ಒತ್ತಿ, ಫೋರ್ಸ್ ಅಪ್‌ಡೇಟ್ ಟಿಕ್ ಮಾಡಿ ಓಕೆ ಕೊಡಿ.

ಕೊನೆಗೆ ಕನ್ಸೋಲ್ ಬಗ್ಗೆ. ನಮ್ಮ ಬೀದಿಯ ಹುಡುಗನೊಬ್ಬ ಹೋದ ವರ್ಷ ಡೆಮೊ ಹಿಂದಿನ ರಾತ್ರಿ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದ. "ಅಣ್ಣಾ, ಎಲ್ಲಾ ಕೆಂಪಗೆ ಬರ್ತಾ ಐತೆ, ಮುಗೀತು ನನ್ನ ಕಥೆ" ಅಂದ. ನೋಡಿದರೆ ಕೊನೆಯ ಸಾಲು 'ಸರ್ವರ್ ಸ್ಟಾರ್ಟಪ್ ಇನ್' ಅಂತ ಇಷ್ಟು ಮಿಲಿಸೆಕೆಂಡ್ ತೋರಿಸುತ್ತಿದೆ. ಎಲ್ಲ ಸರಿಯಾಗೇ ಇತ್ತು! ಟಾಮ್‌ಕ್ಯಾಟ್ ತನ್ನ ಮಾಮೂಲಿ ಇನ್ಫೋ ಸಾಲುಗಳನ್ನೂ ಎರರ್ ದಾರಿಯಲ್ಲೇ ಕಳಿಸುತ್ತೆ, ಎಕ್ಲಿಪ್ಸ್ ಆ ದಾರಿಯಲ್ಲಿ ಬಂದದ್ದಕ್ಕೆಲ್ಲ ಕೆಂಪು ಬಣ್ಣ ಹಚ್ಚುತ್ತೆ. ಬಣ್ಣ ಬಿಡಿ, ಪದ ಓದಿ. ಸಿವಿಯರ್ ಅಂತ ಇದೆಯಾ ನೋಡಿ. ಇದ್ದರೆ ಅದರ ಕೆಳಗೆ ಹೋಗುತ್ತಾ 'ಕಾಸ್ಡ್ ಬೈ' ಅಂತ ಶುರುವಾಗುವ ಕೊನೆಯ ಸಾಲು ಹಿಡಿಯಿರಿ.

ಟಾಮ್‌ಕ್ಯಾಟ್ 9 ಹಾಕಿ, ಹೊಸ ಪ್ರಾಜೆಕ್ಟ್ ಮಾಡಿದ ಮೇಲೂ ಲಾಗಿನ್ ಪುಟ ಬರಲಿಲ್ಲ ಅಂದ್ರೆ ಆ ಸಾಲು ಮತ್ತು ಬ್ರೌಸರ್‌ನಲ್ಲಿ ಹೊಡೆದ ಪೂರ್ತಿ ವಿಳಾಸ, ಎರಡನ್ನೂ ಇಲ್ಲೇ ಕೆಳಗೆ ಹಾಕಿ. ಪರದೆಯನ್ನು ಮೊಬೈಲ್‌ನಲ್ಲಿ ಓರೆಯಾಗಿ ಫೋಟೋ ಹೊಡೆದು ಹಾಕಬೇಡಿ, ಓದಲು ಆಗಲ್ಲ. ರಾತ್ರಿ ಊಟ ಆದ ಮೇಲೆ ನೋಡಿ ಉತ್ತರ ಬರೆಯುತ್ತೇನೆ.