ಮೂರು ಲಕ್ಷದ ಛಾಪಾ ಕಾಗದ: ಒಂದು ಜೀವನಾಂಶ ಪ್ರಕರಣ

ನನ್ನ ಬಳಿ ಕಾನೂನು ಸಲಹೆ ಕೇಳಿ ಬಂದ ಸಿಂಧನೂರು ಭಾಗದ ಈ ಮಹಿಳೆ (ಗುರುತಿನ ವಿವರಗಳನ್ನು ಬದಲಿಸಲಾಗಿದೆ) ಅಂಗನವಾಡಿ ಸಹಾಯಕಿ. ಏಳು ವರ್ಷದ ಮಗನೊಂದಿಗೆ ತವರಿನಲ್ಲಿದ್ದಾರೆ. ಬೇರೆಯಾಗುವ ವಿಷಯದಲ್ಲಿ ಅವರಿಗೆ ಗೊಂದಲವಿರಲಿಲ್ಲ. ಮೂರು ಲಕ್ಷ ರೂಪಾಯಿ ಪಡೆದು, ತನಗಾಗಲಿ ಮಗನಿಗಾಗಲಿ ಮುಂದೆ ಏನನ್ನೂ ಕೇಳುವುದಿಲ್ಲವೆಂದು ಹಿರಿಯರು ಬರೆಸಿದ ಛಾಪಾ ಕಾಗದಕ್ಕೆ ಸಹಿ ಹಾಕಬೇಕೇ ಎಂಬುದಷ್ಟೇ ಅವರ ಪ್ರಶ್ನೆಯಾಗಿತ್ತು. “ಸಹಿ ಮಾಡಿ ಕೈ ತೊಳ್ಕೊ ಅಂತಾರ್ರಿ ನಮ್ಮ ದೊಡ್ಡಪ್ಪ” ಎಂದರು.

ಸಾಬೀತುಪಡಿಸಬಹುದಾದ ರೂಢಿಯೊಂದಿದ್ದರೆ ಬೇರೆ ಮಾತು. ಇಲ್ಲವಾದರೆ ಅಂಥ ಕಾಗದದಿಂದ ಹಿಂದೂ ವಿವಾಹ ರದ್ದಾಗದು ಎಂದು ಮೊದಲು ತಿಳಿಸಿದೆ. ಒಮ್ಮೆಗೇ ಹಣ ಪಡೆಯುವುದು ತಪ್ಪೆಂದು ನಾನು ಹೇಳಲಿಲ್ಲ. ತಿಂಗಳ ಹಣಕ್ಕಾಗಿ ಅಲೆಯುವವರ ಪಾಡನ್ನು ಬಲ್ಲವರು ಹಾಗೆ ಹೇಳಲಾರರು. ಆದರೆ ಆ ಮೊತ್ತ ಪರಸ್ಪರ ಒಪ್ಪಿಗೆಯ ವಿಚ್ಛೇದನದ ಜಂಟಿ ಅರ್ಜಿಯಲ್ಲಿ ನ್ಯಾಯಾಲಯದ ಮುಂದೆ ದಾಖಲಾಗಬೇಕು, ಮಗನ ಪಾಲು ಅದರಲ್ಲಿ ಬೆರೆಯಬಾರದು. ಮಗುವಿನ ಹಕ್ಕನ್ನು ತಾಯಿ ಬಿಟ್ಟುಕೊಡಲು ಬರುವುದಿಲ್ಲ.

ಒಪ್ಪಂದ ಕುದುರದಿದ್ದರೆ 1955ರ ಹಿಂದೂ ವಿವಾಹ ಕಾಯ್ದೆಯ 24ನೇ ಕಲಮಿನಡಿ ಪ್ರಕರಣ ನಡೆಯುವಾಗ ಮಧ್ಯಂತರ ಜೀವನಾಂಶವನ್ನೂ, 25ನೇ ಕಲಮಿನಡಿ ಡಿಕ್ರಿಯ (ನ್ಯಾಯಾಲಯದ ತೀರ್ಮಾನದ ಆದೇಶದ) ಸಮಯದಲ್ಲಿ ಅಥವಾ ಅದರ ನಂತರವೂ ಶಾಶ್ವತ ಜೀವನಾಂಶವನ್ನೂ ಕೇಳಬಹುದು. ಅಗತ್ಯವಿದ್ದರೆ ನ್ಯಾಯಾಲಯ ಅದನ್ನು ಗಂಡನ ಸ್ಥಿರಾಸ್ತಿಯಿಂದ ವಸೂಲಾಗುವಂತೆ ಆ ಆಸ್ತಿಯ ಮೇಲೆ ಹೊರೆಯಾಗಿಸಬಹುದು. ತೊಡಕಿದ್ದದ್ದು ಇಲ್ಲಿಯೇ. ನೀರಾವರಿ ಗದ್ದೆಯ ಪಹಣಿ ಮಾವನ ಹೆಸರಿನಲ್ಲಿದೆ, ಆದ್ದರಿಂದ ತನಗೆ ಆದಾಯವಿಲ್ಲವೆಂಬುದು ಗಂಡನ ವಾದ. ಟ್ರ್ಯಾಕ್ಟರ್ ಸಾಲದ ಕಂತು ತಪ್ಪದೆ ಕಟ್ಟುವವನಿಗೆ ಆದಾಯವಿಲ್ಲವೆಂದರೆ ನಂಬುವುದು ಕಷ್ಟ. ಸುಪ್ರೀಂ ಕೋರ್ಟಿನ 2020ರ ರಜನೀಶ್–ನೇಹಾ ತೀರ್ಪಿನ ಪ್ರಕಾರ ಇಬ್ಬರೂ ಆದಾಯ, ಆಸ್ತಿ, ಸಾಲಗಳನ್ನು ಪ್ರಮಾಣಪತ್ರದಲ್ಲಿ ಘೋಷಿಸಬೇಕು. ಆದ್ದರಿಂದ ಭತ್ತ ಮಾರಿದ ದಲಾಲಿ ಅಂಗಡಿಯ ಪಟ್ಟಿ, ಬ್ಯಾಂಕ್ ಪಾಸ್‌ಬುಕ್ಕಿನ ನಕಲು ಇವುಗಳಲ್ಲಿ ತಮ್ಮ ಬಳಿ ಇರುವುದನ್ನು ಜೋಡಿಸಿಟ್ಟುಕೊಳ್ಳಲು ಸೂಚಿಸಿದೆ. ತಮ್ಮ ಗೌರವಧನವನ್ನು ಮುಚ್ಚಿಡಬಾರದೆಂದೂ ಹೇಳಿದೆ. ಅಲ್ಪ ಗಳಿಕೆ ಇದ್ದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ.

ಗಂಡನ ಗಳಿಕೆಯಲ್ಲಿ ಕಾಲು ಭಾಗ ಸಿಕ್ಕೇ ಸಿಗುತ್ತದೆಂದು ಅವರಿಗೆ ಯಾರೋ ಹೇಳಿದ್ದರು. ಕಾನೂನಿನಲ್ಲಿ ಅಂಥ ನಿಗದಿತ ಲೆಕ್ಕವಿಲ್ಲ. ಮರುಮದುವೆಯಾದರೆ ಮಾಸಿಕ ಜೀವನಾಂಶ ರದ್ದಾಗಬಹುದೆಂಬುದನ್ನೂ ತಿಳಿಸಿದೆ, ಏಕೆಂದರೆ ದೊಡ್ಡಪ್ಪನವರ ಅವಸರಕ್ಕೆ ಅದೇ ಕಾರಣವಾಗಿತ್ತು.

ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ದೊರೆಯುವುದರಿಂದ ಅವರನ್ನು ರಾಯಚೂರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಕಳುಹಿಸಿದೆ. ಜೀವನಾಂಶವನ್ನು ಅರ್ಜಿ ಸಲ್ಲಿಸಿದ ದಿನದಿಂದ ಲೆಕ್ಕ ಹಾಕಬೇಕೆಂದು ರಜನೀಶ್–ನೇಹಾ ತೀರ್ಪೇ ಹೇಳಿರುವುದರಿಂದ, ಮಾತುಕತೆ ಮುಗಿಯಲೆಂದು ಕಾಯದೆ ಅರ್ಜಿ ಹಾಕುವಂತೆ ಸಲಹೆ ನೀಡಿದೆ.