ಗಿಡಕ್ಕೆ ಇಂಕು ಅಥವಾ ಉಪ್ಪು ನೀರು ಹಾಕಿದರೆ ಏನಾಗುತ್ತದೆ?

ಇಂಕಿನಿಂದ ಬಣ್ಣ ಏರುತ್ತದೆ ಅಷ್ಟೇ, ಅದು ಗಿಡಕ್ಕೆ ಊಟವಲ್ಲ. ಸುಗಂಧರಾಜದ ಒಂದು ಕಡ್ಡಿ ಕತ್ತರಿಸಿ, ಪೆನ್ನಿನ ನೀಲಿ ಇಂಕು ಬೆರೆಸಿದ ನೀರಿನಲ್ಲಿಟ್ಟು ನೋಡಿ. ಕೆಲವು ಗಂಟೆಗಳಲ್ಲಿ ಬಿಳಿ ಎಸಳಿನ ಮೇಲೆ ಕೂದಲಿನಷ್ಟು ಸಣ್ಣ ನೀಲಿ ಗೆರೆಗಳು ಮೂಡುತ್ತವೆ, ನೋಡಲು ಎಷ್ಟು ಚೆಂದ! ಅವೇ ನೀರು ಹೋಗುವ ದಾರಿ. ಎಲೆ, ಎಸಳುಗಳಿಂದ ನೀರು ಆವಿಯಾಗಿ ಹೋದಂತೆಲ್ಲ ಕಡ್ಡಿ ಕೆಳಗಿನ ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ, ಅದರ ಜೊತೆ ಕರಗಿದ ಬಣ್ಣವೂ ಬರುತ್ತದೆ. ಬೇರಿರುವ ಕುಂಡದ ಗಿಡಕ್ಕೆ ಇಂಕು ಸುರಿದರೆ ಹೀಗಾಗುವುದು ಕಷ್ಟ, ಬೇರು ಬಣ್ಣವನ್ನು ಬಹುಪಾಲು ತಡೆಯುತ್ತದೆ. ಸುಮ್ನೆ ಸುರಿಯಬೇಡಿ.

ಉಪ್ಪು ಮಾತ್ರ ನಿಜವಾಗಿ ಅಪಾಯ. ಮಣ್ಣಿನಲ್ಲಿ ಉಪ್ಪು ಜಾಸ್ತಿಯಾದರೆ ಬೇರಿಗೆ ನೀರು ಎಳೆಯಲು ಆಗುವುದಿಲ್ಲ. ಹಾಗಾಗಿ ಮಣ್ಣು ಒದ್ದೆಯಿದ್ದರೂ ಗಿಡ ಬಾಡುತ್ತದೆ, ಎಲೆಯ ತುದಿ ಕಂದಾಗಿ ಒಣಗುತ್ತದೆ. ತಪ್ಪಿ ಬಿದ್ದಿದ್ದರೆ ತಕ್ಷಣ ಕುಂಡದ ತಳದ ತೂತಿನಿಂದ ಚೆನ್ನಾಗಿ ಹರಿದುಹೋಗುವಷ್ಟು ಸಿಹಿನೀರು ಹಾಕಿ.